ಇಬ್ರಾಕ್ಸ್ ಗ್ಯಾಲರಿ ಮುರಿದದ್ದು ಹೇಗೆ: 1902ರ ಸ್ಕಾಟ್ಲೆಂಡ್–ಇಂಗ್ಲೆಂಡ್ ಪಂದ್ಯ

ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ನಡುವಿನ ಅಧಿಕೃತ ಫುಟ್‌ಬಾಲ್ ಪಂದ್ಯಗಳ ಪಟ್ಟಿಯಲ್ಲಿ 1902ನ್ನು ಹುಡುಕಿದರೆ ಸಿಗುವುದು ಒಂದೇ ಪಂದ್ಯ: ಮೇ 3, ಬರ್ಮಿಂಗ್‌ಹ್ಯಾಮ್‌ನ ವಿಲ್ಲಾ ಪಾರ್ಕ್, 2–2. ಆದರೆ ಅದಕ್ಕೂ ಸುಮಾರು ಒಂದು ತಿಂಗಳು ಮೊದಲು, ಏಪ್ರಿಲ್ 5ರ ಶನಿವಾರ, ಇದೇ ಎರಡು ದೇಶಗಳು ಗ್ಲಾಸ್ಗೋ ಪಕ್ಕದ ಇಬ್ರಾಕ್ಸ್ ಪಾರ್ಕ್‌ನಲ್ಲಿ 68,000ಕ್ಕೂ ಹೆಚ್ಚು ಜನರ ಮುಂದೆ ಆಡಿದ್ದವು. ಆ ಆಟ ಕೊನೆಯವರೆಗೂ ನಡೆದು 1–1ಕ್ಕೆ ಮುಗಿದಿತ್ತು. ಆಮೇಲೆ ಎರಡೂ ದೇಶಗಳ ಸಂಸ್ಥೆಗಳು ಸೇರಿ ಅದನ್ನು ರದ್ದು ಮಾಡಿದವು. ಕಾರಣ, ಆಟ ನಡೆಯುತ್ತಿದ್ದಾಗಲೇ ಪಶ್ಚಿಮದ ಮರದ ಗ್ಯಾಲರಿಯ ಒಂದು ಭಾಗ ಮುರಿದು 25 ಜನ ಸತ್ತಿದ್ದರು, 500ಕ್ಕೂ ಹೆಚ್ಚು ಜನ ಗಾಯಗೊಂಡಿದ್ದರು.

ಇಲ್ಲಿ ಗೋಲುಗಳ ಬಗ್ಗೆ ಹೇಳುವುದು ಕಡಿಮೆ. ಹೆಚ್ಚು ಹೇಳಬೇಕಾದದ್ದು ಆ ಗ್ಯಾಲರಿಯ ಬಗ್ಗೆ: ಅದು ಏಕೆ ಅಲ್ಲಿತ್ತು, ಯಾವ ಭಾಗ ಮುರಿಯಿತು, ಜನರ ಭಾರವನ್ನು ಹೇಗೆ ಲೆಕ್ಕ ಹಾಕಬೇಕು, ಆ ದುರಂತದಿಂದ ಕಲಿತದ್ದು ಏನು. ಕಲಿತದ್ದು ಅರ್ಧ ಪಾಠ ಮಾತ್ರ ಎಂಬುದು ನಮ್ಮ ವಾದ. ಉಳಿದರ್ಧಕ್ಕೆ ಅದೇ ಮೈದಾನ 69 ವರ್ಷಗಳ ನಂತರ ಮತ್ತೆ ಬೆಲೆ ತೆತ್ತಿತು.

ಮೊದಲು ಪೈಪೋಟಿಯ ಮಾತು. ಈ ಎರಡು ದೇಶಗಳ ಮೊದಲ ಪಂದ್ಯ ನಡೆದದ್ದು 1872ರ ನವೆಂಬರ್ 30ರಂದು, ಗ್ಲಾಸ್ಗೋದ ಪಾರ್ಟಿಕ್‌ನಲ್ಲಿ, ಒಂದು ಕ್ರಿಕೆಟ್ ಮೈದಾನದಲ್ಲಿ. ಸುಮಾರು 4,000 ಜನ ಬಂದಿದ್ದರು, ಟಿಕೆಟ್ ಒಂದು ಶಿಲ್ಲಿಂಗ್, ಫಲಿತಾಂಶ 0–0. ಜಗತ್ತಿನ ಮೊದಲ ಅಧಿಕೃತ ಅಂತರರಾಷ್ಟ್ರೀಯ ಫುಟ್‌ಬಾಲ್ ಪಂದ್ಯ ಎಂದು ಎಣಿಸುವುದು ಅದನ್ನೇ. ಆಮೇಲೆ ಒಂದು ವರ್ಷ ಅಲ್ಲಿ, ಒಂದು ವರ್ಷ ಇಲ್ಲಿ ಎಂಬ ಪದ್ಧತಿ ಬಂತು: ಸರಿಸಂಖ್ಯೆಯ ವರ್ಷಗಳಲ್ಲಿ ಸ್ಕಾಟ್ಲೆಂಡ್‌ನಲ್ಲಿ, ಬೆಸಸಂಖ್ಯೆಯ ವರ್ಷಗಳಲ್ಲಿ ಇಂಗ್ಲೆಂಡ್‌ನಲ್ಲಿ. 1900ರಲ್ಲಿ ಗ್ಲಾಸ್ಗೋದ ಸೆಲ್ಟಿಕ್ ಪಾರ್ಕ್‌ನಲ್ಲಿ ಸ್ಕಾಟ್ಲೆಂಡ್ 4–1ರಿಂದ ಗೆದ್ದಿತು, 1901ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ 2–2. ಮೂವತ್ತು ವರ್ಷಗಳಲ್ಲಿ ನಾಲ್ಕು ಸಾವಿರದ ಗುಂಪು ಅರವತ್ತು ಸಾವಿರ ದಾಟಿತ್ತು. ಮುಂದೆ ಬರುವ ಎಲ್ಲದಕ್ಕೂ ಬೇರು ಈ ಬೆಳವಣಿಗೆಯೇ.

ಸ್ಕಾಟ್ಲೆಂಡ್‌ಗೆ ಆಗ ತನ್ನದೇ ಎನ್ನುವ ರಾಷ್ಟ್ರೀಯ ಮೈದಾನ ಇರಲಿಲ್ಲ. ಯಾವ ಕ್ಲಬ್ಬಿನ ಮೈದಾನ ದೊಡ್ಡದೋ ಅದಕ್ಕೆ ಪಂದ್ಯ ಸಿಗುತ್ತಿತ್ತು. ಪಂದ್ಯ ಸಿಕ್ಕ ಕ್ಲಬ್ಬಿಗೆ ಹಣವೂ ಬರುತ್ತಿತ್ತು, ಹೆಸರೂ ಬರುತ್ತಿತ್ತು. 1894ರಿಂದ 1900ರವರೆಗಿನ ನಾಲ್ಕು ತವರು ಪಂದ್ಯಗಳೂ ಸೆಲ್ಟಿಕ್ ಪಾಲಾಗಿದ್ದವು. ನಗರದ ಇನ್ನೊಂದು ತುದಿಯ ರೇಂಜರ್ಸ್ ಕ್ಲಬ್ಬಿಗೆ ಇದು ನುಂಗಲಾರದ ತುತ್ತಾಗಿತ್ತು. 1899ರಲ್ಲಿ ರೇಂಜರ್ಸ್ ಲಿಮಿಟೆಡ್ ಕಂಪನಿಯಾಯಿತು, ಹಳೆಯ ಮೈದಾನದ ಪಕ್ಕದಲ್ಲೇ ಹೊಸದನ್ನು ಕಟ್ಟಿಸಿ ಆ ವರ್ಷದ ಡಿಸೆಂಬರ್ 30ರಂದು ತೆರೆಯಿತು. ವಿನ್ಯಾಸಕಾರ ಆರ್ಚಿಬಾಲ್ಡ್ ಲೀಚ್ ಗ್ಲಾಸ್ಗೋದವನೇ, 1865ರಲ್ಲಿ ಹುಟ್ಟಿದವನು, ಸ್ವತಃ ರೇಂಜರ್ಸ್ ಅಭಿಮಾನಿ. ವೃತ್ತಿಯಲ್ಲಿ ಅವನು ಕಾರ್ಖಾನೆಗಳ ಎಂಜಿನಿಯರ್. ಸಿಲೋನಿನ ಟೀ ಕಾರ್ಖಾನೆಗಳ ವಿನ್ಯಾಸವೂ ಅವನ ಆರಂಭದ ಕೆಲಸಗಳಲ್ಲಿ ಸೇರಿತ್ತು. ಕಾರ್ಖಾನೆಯ ನೆಲದ ಮೇಲೆ ಯಂತ್ರ ಕೂರುತ್ತದೆ. ಅದರ ತೂಕ ಗೊತ್ತು, ಜಾಗ ಗೊತ್ತು. ಜನರ ಗುಂಪು ಹಾಗೆ ಕೂರುವುದಿಲ್ಲ. ಈ ವ್ಯತ್ಯಾಸ ಆಗ ಲೀಚ್‌ಗೆ ಮಾತ್ರವಲ್ಲ, ಯಾರಿಗೂ ಸರಿಯಾಗಿ ಹೊಳೆದಿರಲಿಲ್ಲ.

ಗ್ಯಾಲರಿಯ ಅಂಗಾಂಗ

ಇಂದಿನ ಕ್ರೀಡಾಂಗಣದ ಕುರ್ಚಿ ಸಾಲುಗಳನ್ನು ಮನಸ್ಸಿನಿಂದ ತೆಗೆದುಬಿಡಿ. ಆ ಕಾಲದಲ್ಲಿ ಕುಳಿತು ನೋಡುವ ಭಾಗ್ಯ ಒಂದು ಬದಿಯ ಚಾವಣಿಯಡಿ ಇದ್ದವರಿಗೆ ಮಾತ್ರ. ಉಳಿದ ಮೂರು ಕಡೆ ಬರೀ ಮೆಟ್ಟಿಲು ಮೆಟ್ಟಿಲಾದ ಇಳಿಜಾರು, ಅದರ ಮೇಲೆ ನಿಂತೇ ನೋಡಬೇಕು. ಇಂಥ ಇಳಿಜಾರನ್ನು ಎರಡು ರೀತಿಯಲ್ಲಿ ಮಾಡಬಹುದು. ಒಂದು, ಮಣ್ಣು ಸುರಿದು ದಿಬ್ಬ ಮಾಡಿ ಮೇಲೆ ಮೆಟ್ಟಿಲು ಕೊರೆಯುವುದು. ಇನ್ನೊಂದು, ಉಕ್ಕಿನ ಕಂಬಗಳನ್ನು ನಿಲ್ಲಿಸಿ ಅವುಗಳ ಮೇಲೆ ಮರದ ಅಟ್ಟಣಿಗೆ ಕಟ್ಟುವುದು. ಎತ್ತರದ ದಿಬ್ಬಕ್ಕೆ ಲೋಡುಗಟ್ಟಲೆ ಮಣ್ಣು ಬೇಕು, ಮಣ್ಣು ಕೂತು ಗಟ್ಟಿಯಾಗಲು ಕಾಲ ಬೇಕು, ಅಡಿಪಾಯಕ್ಕೆ ಅಗಲವಾದ ಜಾಗವೂ ಬೇಕು. ಅಟ್ಟಣಿಗೆ ಬೇಗ ಏಳುತ್ತದೆ. ಇಬ್ರಾಕ್ಸ್‌ನ ಪಶ್ಚಿಮ ತುದಿಯಲ್ಲಿ ಎದ್ದದ್ದು ಅಟ್ಟಣಿಗೆ.

ಅದರ ಭಾರ ಸಾಗುವ ದಾರಿ ಹೀಗೆ: ಪ್ರೇಕ್ಷಕ ನಿಂತಿರುವುದು ಹಲಗೆಯ ಮೇಲೆ. ಹಲಗೆಗಳನ್ನು ಹೊರುವುದು ಮರದ ಜಂತಿಗಳು. ಜಂತಿಗಳು ಕೂತಿರುವುದು ಉಕ್ಕಿನ ಚೌಕಟ್ಟಿನ ಮೇಲೆ. ಚೌಕಟ್ಟಿನ ಕಂಬಗಳು ಕಾಂಕ್ರೀಟಿನ ಬುನಾದಿಯಲ್ಲಿ ಊರಿವೆ. ಈ ಸರಪಳಿಯಲ್ಲಿ ಮೊದಲು ಸೋಲುವ ಕೊಂಡಿ ಯಾವುದು ಎಂದು ಕೇಳಿದರೆ, ಕಟ್ಟಡ ಕೆಲಸ ಬಲ್ಲ ಯಾರಾದರೂ ಜಂತಿ ಎನ್ನುತ್ತಾರೆ. ಉಕ್ಕಿನ ಗುಣ ಕಾರ್ಖಾನೆಯಲ್ಲೇ ಹೆಚ್ಚುಕಡಿಮೆ ಒಂದೇ ಹದಕ್ಕೆ ಬರುತ್ತದೆ. ಮರ ಹಾಗಲ್ಲ. ಒಂದೇ ದಿಮ್ಮಿಯಿಂದ ಕೊಯ್ದ ಎರಡು ತುಂಡುಗಳಲ್ಲಿ ಒಂದರ ಕೆಳಮೈಯಲ್ಲಿ ಗಂಟು ಇದ್ದರೆ ಅದು ಇನ್ನೊಂದರ ಅರ್ಧ ಭಾರವನ್ನೂ ತಡೆಯದೇ ಹೋಗಬಹುದು.

ಇನ್ನೊಂದು ಸಂಗತಿ: ಅಟ್ಟಣಿಗೆಯ ಕೆಳಗೆ ಖಾಲಿ. ಮೇಲಿನ ಸಾಲುಗಳ ಹಲಗೆಯಿಂದ ಕೆಳಗಿನ ನೆಲಕ್ಕೆ ಸುಮಾರು 40 ಅಡಿ.

ಆ ಮಧ್ಯಾಹ್ನ

ಹೊಸ ಇಬ್ರಾಕ್ಸ್‌ನಲ್ಲಿ ಇಂಗ್ಲೆಂಡ್ ವಿರುದ್ಧದ ಪಂದ್ಯ ನಡೆದದ್ದು ಅದೇ ಮೊದಲು. ಹಿಂದಿನ ರಾತ್ರಿ ಜೋರಾಗಿ ಮಳೆ ಬಂದಿತ್ತು. ಇಂಗ್ಲೆಂಡ್ ಪರ ಡರ್ಬಿ ಕೌಂಟಿಯ ಸ್ಟೀವ್ ಬ್ಲೂಮರ್, ಸ್ಕಾಟ್ಲೆಂಡ್ ಪರ ಸಂಡರ್‌ಲ್ಯಾಂಡ್‌ನ ಗೋಲ್‌ಕೀಪರ್ ನೆಡ್ ಡಾಯ್ಗ್, ಲಿವರ್‌ಪೂಲ್‌ನ ಅಲೆಕ್ಸ್ ರೇಸ್‌ಬೆಕ್, ಆಸ್ಟನ್ ವಿಲ್ಲಾದ ವಿಂಗರ್ ಬಾಬಿ ಟೆಂಪಲ್ಟನ್. ಸ್ಕಾಟ್ಲೆಂಡ್ ತಂಡದ ಎಷ್ಟೋ ಆಟಗಾರರು ಅನ್ನ ಸಂಪಾದಿಸುತ್ತಿದ್ದದ್ದು ಇಂಗ್ಲೆಂಡ್‌ನ ಕ್ಲಬ್ಬುಗಳಲ್ಲೇ. ಪೈಪೋಟಿ ಎಷ್ಟು ಕಟುವಾಗಿದ್ದರೂ ಡ್ರೆಸ್ಸಿಂಗ್ ಕೋಣೆಗಳಲ್ಲಿ ಎರಡೂ ಕಡೆಯವರು ಪರಸ್ಪರ ಪರಿಚಿತರು.

ಅಂಕಣದ ಗೆರೆಗಳು ಕೂಡ ಇಂದಿನಂತಿರಲಿಲ್ಲ. ಗೋಲಿನ ಮುಂದೆ ಎರಡು ಅರ್ಧವೃತ್ತಗಳು ಕೂಡಿದ ಆಕಾರ, ಮೈದಾನದ ಅಡ್ಡಗಲಕ್ಕೂ ಎಳೆದ 12 ಗಜದ ಪೆನಾಲ್ಟಿ ಗೆರೆ. ಇಂದಿನ ಆಯತಾಕಾರದ ಪೆನಾಲ್ಟಿ ಪ್ರದೇಶ ನಿಯಮಕ್ಕೆ ಬಂದದ್ದು ಅದೇ ವರ್ಷ, ಆದರೆ ಈ ಪಂದ್ಯದ ನಂತರ. ಗೋಲ್‌ಕೀಪರ್ ತನ್ನ ಅರ್ಧದಲ್ಲಿ ಎಲ್ಲಿ ಬೇಕಾದರೂ ಚೆಂಡನ್ನು ಕೈಯಲ್ಲಿ ಹಿಡಿಯಬಹುದಿತ್ತು. ಆ ಸ್ವಾತಂತ್ರ್ಯ 1912ರವರೆಗೆ ಉಳಿಯಿತು. ಆಫ್‌ಸೈಡ್ ಆಗದಿರಲು ಆಟಗಾರನ ಮುಂದೆ ಮೂವರು ಎದುರಾಳಿಗಳು ಇರಬೇಕಿತ್ತು. ಹೀಗಾಗಿ ವಿಂಗರ್ ಒಬ್ಬ ಚೆಂಡನ್ನು ಕಾಲಿಗೆ ಅಂಟಿಸಿಕೊಂಡು ಪಕ್ಕದ ಗೆರೆಗುಂಟ ಓಡುವುದೇ ಪ್ರೇಕ್ಷಕರಿಗೆ ಆಟದ ದೊಡ್ಡ ಆಕರ್ಷಣೆ. ಟೆಂಪಲ್ಟನ್ ಅದರಲ್ಲಿ ನಿಸ್ಸೀಮ. ಅವನು ಚೆಂಡು ಹಿಡಿದು ಹೊರಟಾಗ ಇಡೀ ಗುಂಪು ಕತ್ತು ಚಾಚಿ ಒಂದೇ ಕಡೆಗೆ ವಾಲಿತು, ಗ್ಯಾಲರಿ ಮುರಿದದ್ದು ಆ ಕ್ಷಣದಲ್ಲೇ ಎನ್ನುತ್ತಾರೆ. ನಿರ್ದಿಷ್ಟವಾಗಿ ಅವನ ಓಟವೇ ಕಾರಣವೋ ಅಲ್ಲವೋ, ನಿಂತು ನೋಡುವ ಗುಂಪು ಚೆಂಡಿನ ಜೊತೆಗೆ ತೂಗಾಡುತ್ತದೆ ಎಂಬುದಂತೂ ದಿಟ.

ಪಶ್ಚಿಮ ಗ್ಯಾಲರಿಯ ಮೇಲಿನ ಭಾಗದಲ್ಲಿ ಜಂತಿಗಳು ಮುರಿದು ಹಲವು ಸಾಲಿನ ಹಲಗೆಗಳು ಕುಸಿದವು. ಅಲ್ಲಿ ನಿಂತಿದ್ದವರು ಉಕ್ಕಿನ ಕಂಬಗಳ ನಡುವೆ ಕೆಳಗೆ ಬಿದ್ದರು. ಮೊದಲು ಬಿದ್ದವರ ಮೇಲೆ ಆಮೇಲಿನವರು ಬಿದ್ದರು. ಸುತ್ತಲಿನ ಜನ ಗಾಬರಿಯಿಂದ ಕೆಳಗಿನ ಸಾಲುಗಳತ್ತ ನುಗ್ಗಿದರು, ಆ ನೂಕುನುಗ್ಗಲಲ್ಲಿ ಇನ್ನಷ್ಟು ಜನ ಗಾಯಗೊಂಡರು. ಗುಂಪು ಅಂಕಣದೊಳಗೆ ಉಕ್ಕಿತು, ಆಟ ನಿಂತಿತು.

ಸುಮಾರು 20 ನಿಮಿಷದ ನಂತರ ಆಟ ಮತ್ತೆ ಶುರುವಾಯಿತು. ಇಂದು ಓದುವವರಿಗೆ ಇದು ಕ್ರೌರ್ಯ ಅನ್ನಿಸುತ್ತದೆ. ಅಧಿಕಾರಿಗಳ ಲೆಕ್ಕ ಬೇರೆ ಇತ್ತು. ಮೈದಾನದ ಹೆಚ್ಚಿನ ಜನಕ್ಕೆ ಆದದ್ದೇನು ಎಂದು ಗೊತ್ತಿರಲಿಲ್ಲ. ಪಂದ್ಯ ರದ್ದು ಎಂದು ಸಾರಿದರೆ ಅರವತ್ತು ಸಾವಿರ ಜನ ಒಟ್ಟಿಗೆ ಬಾಗಿಲುಗಳತ್ತ ಹೋಗುತ್ತಾರೆ, ಇಲ್ಲವೇ ಕುತೂಹಲಕ್ಕೆ ಮುರಿದ ಗ್ಯಾಲರಿಯ ಸುತ್ತ ಸೇರುತ್ತಾರೆ. ಎರಡರಲ್ಲಿ ಯಾವುದಾದರೂ ಗಾಯಾಳುಗಳನ್ನು ಹೊರಗೆ ಸಾಗಿಸುವ ದಾರಿಯೇ ಮುಚ್ಚಿಹೋಗುತ್ತದೆ. ಸತ್ತವರನ್ನೂ ಗಾಯಾಳುಗಳನ್ನೂ ಪೆವಿಲಿಯನ್‌ಗೆ ಹೊತ್ತು ತರುತ್ತಿದ್ದುದನ್ನು ಕಣ್ಣಾರೆ ಕಂಡ ಆಟಗಾರರಿಗೆ ಆಟ ಮುಂದುವರಿಸುವುದು ಎಷ್ಟು ಕಷ್ಟವಾಯಿತೋ ಊಹಿಸಬಹುದು. ಆದರೂ ಆ ನಿರ್ಧಾರ ಸರಿಯಾಗಿತ್ತು ಎಂದೇ ನಮ್ಮ ಅಭಿಪ್ರಾಯ. ಅಂದು ಗುಂಪು ಒಟ್ಟಿಗೆ ಚಲಿಸದಂತೆ ತಡೆದ ಏಕೈಕ ಕ್ರಮ ಅದು. ಸ್ಕಾಟ್ಲೆಂಡ್ ಪರ ಟಾಟನ್‌ಹ್ಯಾಮ್‌ನ ಬ್ರೌನ್, ಇಂಗ್ಲೆಂಡ್ ಪರ ಎವರ್ಟನ್‌ನ ಜಿಮ್ಮಿ ಸೆಟ್ಲ್ ಹೊಡೆದ ಗೋಲುಗಳು ಅವರ ಅಧಿಕೃತ ಲೆಕ್ಕಕ್ಕೆ ಸೇರಲಿಲ್ಲ.

ಭಾರದ ಲೆಕ್ಕ

ಈಗ ಲೆಕ್ಕಕ್ಕೆ ಬರೋಣ. ಕೆಳಗಿನ ಅಳತೆಗಳು ಇಬ್ರಾಕ್ಸ್‌ನವಲ್ಲ, ವಿಷಯ ತಿಳಿಯಲೆಂದು ಆರಿಸಿಕೊಂಡವು.

3 ಮೀಟರ್ ಉದ್ದದ ಜಂತಿ, ಜಂತಿಯಿಂದ ಜಂತಿಗೆ 60 ಸೆಂ.ಮೀ. ಅಂತರ. ಹಾಗಾದರೆ ಒಂದೊಂದು ಜಂತಿ 1.8 ಚದರ ಮೀಟರ್ ನೆಲವನ್ನು ಹೊರುತ್ತದೆ. ಇಂದಿನ ಬ್ರಿಟಿಷ್ ಮಾರ್ಗಸೂಚಿಯಲ್ಲಿ ನಿಂತು ನೋಡುವ ಜಾಗಕ್ಕೆ ಗರಿಷ್ಠ ಮಿತಿ 10 ಚದರ ಮೀಟರಿಗೆ 47 ಜನ. ಆ ಪ್ರಕಾರ ನಮ್ಮ ಜಂತಿಯ ಮೇಲೆ ಎಂಟೂವರೆ ಜನ, ತಲೆಗೆ 70 ಕೆ.ಜಿ. ಹಿಡಿದರೆ ಸುಮಾರು 600 ಕೆ.ಜಿ. ಜಂತಿ 65 ಮಿ.ಮೀ. ಅಗಲ, 225 ಮಿ.ಮೀ. ಆಳ ಇದ್ದರೆ ಅದರ ಕೆಳಮೈಯಲ್ಲಿ ಬರುವ ಎಳೆತ ಚದರ ಸೆಂಟಿಮೀಟರಿಗೆ ಸುಮಾರು 40 ಕೆ.ಜಿ. ಇದು ಯಾವ ಪೈನ್ ಮರಕ್ಕೂ ಹೆಚ್ಚಲ್ಲ.

ಈಗ ಗುಂಪು ಒತ್ತಿಕೊಳ್ಳಲಿ. ಚದರ ಮೀಟರಿಗೆ ಏಳು ಜನ ಎಂದರೆ ಭಾರ ಸುಮಾರು 880 ಕೆ.ಜಿ. ಅವರು ಸುಮ್ಮನೆ ನಿಂತಿಲ್ಲ. ಒಟ್ಟಿಗೆ ಮುಂದಕ್ಕೆ ಹೆಜ್ಜೆ ಇಡುತ್ತಾರೆ, ಗೋಲಾದರೆ ಜಿಗಿಯುತ್ತಾರೆ. ಚಲನೆಗೆ ಒಂದೂವರೆ ಪಟ್ಟು ಸೇರಿಸಿದರೆ ಎಳೆತ 90 ಕೆ.ಜಿ. ದಾಟುತ್ತದೆ. ಗಂಟುಗಳಿರುವ ಸಾಮಾನ್ಯ ದರ್ಜೆಯ ಮೆದು ಮರಕ್ಕೆ ಎಂಜಿನಿಯರುಗಳು ಸುರಕ್ಷಿತ ಎಂದು ಬಿಡುವುದು 55ರಿಂದ 75 ಕೆ.ಜಿ. ಮಾತ್ರ. ಮರ ತಕ್ಷಣ ಮುರಿಯುತ್ತದೆ ಎಂದು ಇದರ ಅರ್ಥವಲ್ಲ. ಆದರೆ ಸುರಕ್ಷತೆಗೆಂದು ಇಟ್ಟ ಅಂತರವನ್ನು ಆ ಗುಂಪು ತಿಂದುಹಾಕಿದೆ. ಇನ್ನು ಉಳಿದಿರುವುದು ಮರದ ಅದೃಷ್ಟ.

ಅದೃಷ್ಟ ಕೈಕೊಡುವ ಬಗೆಗಳು ಹಲವು. ಜಂತಿಯ ಬಲ ಅದರ ಆಳದ ವರ್ಗಕ್ಕೆ ತಕ್ಕಂತೆ ಇರುತ್ತದೆ. ಮೆಟ್ಟಿಲಿಗೆ ಹೊಂದಿಸಲೆಂದು ಬಡಗಿ ನಡುವೆ ಆಳದ ಮೂರನೇ ಒಂದು ಭಾಗಕ್ಕೆ ಕಚ್ಚು ಹಾಕಿದರೆ ಆ ಜಾಗದಲ್ಲಿ ಉಳಿಯುವ ಬಲ ಅರ್ಧಕ್ಕಿಂತ ಕಡಿಮೆ. ಒಂದೇ ಹಂಚಿಕೆಯ ಭಾರಕ್ಕೆ ಜಂತಿಯ ಉದ್ದ ಎರಡು ಪಟ್ಟಾದರೆ ಬಾಗಿಸುವ ಒತ್ತಡ ನಾಲ್ಕು ಪಟ್ಟು. ಇನ್ನು ಒಂದು ಜಂತಿ ಮುರಿದರೆ ಅದರ ಪಾಲಿನ ಭಾರ ಎಡಬಲದ ಜಂತಿಗಳ ಮೇಲೆ ಒಮ್ಮೆಗೇ ಬೀಳುತ್ತದೆ. ಅವೂ ಮಿತಿಯ ಅಂಚಿನಲ್ಲೇ ಇದ್ದರೆ ಮುರಿತ ಸಾಲು ಹಿಡಿದು ಹರಡುತ್ತದೆ. ಇಬ್ರಾಕ್ಸ್‌ನಲ್ಲಿ ಒಂದಿಬ್ಬರು ಬೀಳದೆ ದೊಡ್ಡ ಗುಂಪೇ ಬಿದ್ದದ್ದನ್ನು ಹೀಗೆ ಅರ್ಥ ಮಾಡಿಕೊಳ್ಳಬಹುದು.

ಅಡ್ಡಭಾರವನ್ನು ಮರೆಯುವಂತಿಲ್ಲ. ಗುಂಪು ಒಂದು ಕಡೆಗೆ ವಾಲಿದಾಗ ಕಂಬಗಳನ್ನು ಪಕ್ಕಕ್ಕೆ ತಳ್ಳುವ ಬಲ ಹುಟ್ಟುತ್ತದೆ. ತಾತ್ಕಾಲಿಕ ಗ್ಯಾಲರಿಗಳಿಗೆ ಇಂದು ಲಂಬ ಭಾರದ ಶೇಕಡಾ 10ರವರೆಗೂ ಅಡ್ಡಬಲ ಹಿಡಿದು ಲೆಕ್ಕ ಹಾಕುವುದು ಇದಕ್ಕೇ. ನಮ್ಮ ಕರಾವಳಿ, ಮಲೆನಾಡಿನಲ್ಲಿ ಕಬಡ್ಡಿ ಪಂದ್ಯಕ್ಕೆ ಮರ, ಬಿದಿರು, ಕಬ್ಬಿಣದ ಪೈಪುಗಳಿಂದ ಗ್ಯಾಲರಿ ಎಬ್ಬಿಸುವವರು ಗಮನಿಸಬೇಕಾದ್ದು ಇದನ್ನೇ. ಕಂಬ ದಪ್ಪ ಇದೆಯೇ ಎಂದು ಎಲ್ಲರೂ ನೋಡುತ್ತಾರೆ. ಕಂಬದಿಂದ ಕಂಬಕ್ಕೆ ಓರೆಯಾಗಿ ಕಟ್ಟುವ ಪಟ್ಟಿಯನ್ನು ಮಾತ್ರ ಓಡಾಟಕ್ಕೆ ಅಡ್ಡಿ ಎಂದು ಬಿಚ್ಚಿಬಿಡುತ್ತಾರೆ. ಅದು ಹೋದರೆ ಎಷ್ಟು ದಪ್ಪ ಕಂಬವಿದ್ದರೂ ಪಕ್ಕಕ್ಕೆ ಮಲಗುತ್ತದೆ. ಭಾರತೀಯ ಮಾನಕ 875ರ ಎರಡನೇ ಭಾಗ ಕುರ್ಚಿ ಕೂರಿಸದ ಗ್ಯಾಲರಿಗೆ ಚದರ ಮೀಟರಿಗೆ 5 ಕಿಲೋನ್ಯೂಟನ್, ಅಂದರೆ ಸುಮಾರು 500 ಕೆ.ಜಿ. ಭಾರ ಹಿಡಿಯಲು ಹೇಳುತ್ತದೆ. ಮೇಲಿನ ಏಳು ಜನರ ಗುಂಪು ನಿಂತ ಸ್ಥಿತಿಯಲ್ಲೇ ತೂಗುವುದು ಹತ್ತಿರಹತ್ತಿರ ಅಷ್ಟು.

ಕೆಂಪು ಪೈನ್, ಹಳದಿ ಪೈನ್

ದುರಂತದ ನಂತರದ ಚರ್ಚೆ ಇಡಿಯಾಗಿ ಮರದ ಜಾತಿಯ ಮೇಲೆ ನಿಂತಿತು. ಲೀಚ್ ಬರೆದುಕೊಟ್ಟದ್ದು ಕೆಂಪು ಪೈನ್ ಎಂದು, ಗುತ್ತಿಗೆದಾರ ಅಲೆಕ್ಸಾಂಡರ್ ಮೆಕ್‌ಡೂಗಲ್ ಹಾಕಿದ್ದು ಅಗ್ಗದ ಹಳದಿ ಪೈನ್ ಎಂದು ಆರೋಪ. ಮೆಕ್‌ಡೂಗಲ್ ಮೇಲೆ ನರಹತ್ಯೆಯ ಮೊಕದ್ದಮೆ ಹೂಡಿದರು, ವಿನ್ಯಾಸ ಮಾಡಿದ ಲೀಚ್ ಅವನ ವಿರುದ್ಧ ಸಾಕ್ಷಿ ನುಡಿದ. ಮೆಕ್‌ಡೂಗಲ್ ಖುಲಾಸೆಯಾದ.

ಆ ಕಾಲದ ಬ್ರಿಟಿಷ್ ಮರದ ವ್ಯಾಪಾರದಲ್ಲಿ ಹಳದಿ ಪೈನ್ ಎಂದರೆ ಸಾಮಾನ್ಯವಾಗಿ ಕೆನಡಾದಿಂದ ಬರುತ್ತಿದ್ದ ಹಗುರ, ಮೆದು ಮರ. ಉಳಿಗೆ ಚೆನ್ನಾಗಿ ಒಗ್ಗುತ್ತದೆ, ಸೊಟ್ಟಾಗುವುದು ಕಡಿಮೆ. ಅಚ್ಚು ಮಾಡುವವರಿಗೆ, ಒಳಾಂಗಣದ ಬಡಗಿಗಳಿಗೆ ಅಚ್ಚುಮೆಚ್ಚು. ಆದರೆ ಭಾರ ಹೊರುವ ಕೆಲಸಕ್ಕೆ ಕೆಂಪು ಪೈನ್ ಮೇಲು. ಈ ಕೆನಡಾ ಮರದ ಗಂಟಿಲ್ಲದ ಶುದ್ಧ ತುಂಡನ್ನು ಒಣಗಿದಾಗ ಬಾಗಿಸಿ ಮುರಿಯಲು ಚದರ ಸೆಂಟಿಮೀಟರಿಗೆ ಸುಮಾರು 600 ಕೆ.ಜಿ. ಬೇಕು, ಪೂರ್ತಿ ನೆಂದಾಗ ಸುಮಾರು 345. ಅಂದರೆ ನೀರು ಕುಡಿದ ಮರದಲ್ಲಿ ಬಲ ಉಳಿಯುವುದು ಶೇಕಡಾ 60ಕ್ಕಿಂತ ಕಡಿಮೆ.

ಹಾಗಾದರೆ ಹಿಂದಿನ ರಾತ್ರಿಯ ಮಳೆಯೇ ಕಾರಣವೇ? ಹಲವರು ಹಾಗೆ ಬರೆದಿದ್ದಾರೆ. ನಮಗೆ ಅದು ಒಪ್ಪಿಗೆಯಾಗುವುದಿಲ್ಲ. ಎರಡು ಮೂರು ಅಂಗುಲ ದಪ್ಪದ ಜಂತಿ ಒಂದು ರಾತ್ರಿಯ ಮಳೆಗೆ ಒಳಗಿನವರೆಗೂ ನೆನೆಯುವುದಿಲ್ಲ, ಮೇಲ್ಮೈ ಒದ್ದೆಯಾಗುತ್ತದೆ ಅಷ್ಟೇ. ಎರಡು ವರ್ಷಗಳ ಗ್ಲಾಸ್ಗೋ ಹವೆಯಲ್ಲಿ ಬಯಲಿಗೆ ಬಿದ್ದ ಮರ, ಅದರಲ್ಲೂ ಹಲಗೆ ಮತ್ತು ಜಂತಿ ಕೂಡುವ, ಮೊಳೆ ಹೊಡೆದ, ನೀರು ಇಳಿದು ಒಣಗದ ಸಂದುಗಳು ಸೋತಿದ್ದರೆ ಆ ಮಾತು ಬೇರೆ. ಮರದ ಕಟ್ಟಡವನ್ನು ಪರೀಕ್ಷಿಸುವವರು ಮೊದಲು ಚಾಕು ಚುಚ್ಚಿ ನೋಡುವುದು ಇಂಥ ಸಂದುಗಳನ್ನೇ.

ಮರದ ಜಾತಿಯ ಜಗಳಕ್ಕೆ ಒಂದು ಅನುಕೂಲವಿತ್ತು: ಅದು ಎಲ್ಲ ಹೊಣೆಯನ್ನೂ ಒಬ್ಬ ಗುತ್ತಿಗೆದಾರನ ಗೋದಾಮಿಗೆ ಕಳಿಸಿಬಿಡುತ್ತಿತ್ತು. ಕೆಂಪು ಪೈನ್ ಹಾಕಿದ್ದರೆ ಅಂದು ಮುರಿಯುತ್ತಿರಲಿಲ್ಲವೇನೋ. ಆದರೆ ಒಂದು ಗ್ಯಾಲರಿಗೆ ಎಷ್ಟು ಜನರನ್ನು ಬಿಡಬೇಕು, ಅದನ್ನು ನಿಲ್ಲಿಸುವ ಅಧಿಕಾರ ಯಾರದು, ಭಾರ ಹಾಕಿ ಪರೀಕ್ಷಿಸುವವರು ಯಾರು ಎಂಬ ಪ್ರಶ್ನೆಗಳಿಗೆ ಯಾವ ಕಾನೂನೂ ಉತ್ತರ ಹೇಳುತ್ತಿರಲಿಲ್ಲ.

ಪರಿಹಾರ ನಿಧಿಗೆ ಹಣ ಕೂಡಿಸುವ ಕೆಲಸ ಮಾತ್ರ ಬೇಗ ನಡೆಯಿತು. ವಿಲ್ಲಾ ಪಾರ್ಕ್‌ನ ಮರುಪಂದ್ಯದ ಗಳಿಕೆ ಅದಕ್ಕೇ ಹೋಯಿತು. ಆ ಡ್ರಾದೊಂದಿಗೆ ಸ್ಕಾಟ್ಲೆಂಡ್ ಐದು ಅಂಕ ಪಡೆದು ಆ ವರ್ಷದ ಬ್ರಿಟಿಷ್ ಚಾಂಪಿಯನ್‌ಷಿಪ್ ಗೆದ್ದಿತು, ಇಂಗ್ಲೆಂಡ್‌ಗೆ ನಾಲ್ಕು. ರೇಂಜರ್ಸ್ ತಾನು 1901ರಲ್ಲಿ ಗೆದ್ದಿದ್ದ ಗ್ಲಾಸ್ಗೋ ವಸ್ತುಪ್ರದರ್ಶನದ ಕಪ್ಪನ್ನೇ ಪಣಕ್ಕಿಟ್ಟು ಸೆಲ್ಟಿಕ್, ಎವರ್ಟನ್, ಸಂಡರ್‌ಲ್ಯಾಂಡ್ ಕ್ಲಬ್ಬುಗಳೊಂದಿಗೆ ಸಹಾಯಾರ್ಥ ಟೂರ್ನಿ ನಡೆಸಿತು. ಫೈನಲ್‌ನಲ್ಲಿ ಹೆಚ್ಚುವರಿ ಸಮಯದಲ್ಲಿ 3–2ರಿಂದ ರೇಂಜರ್ಸನ್ನು ಸೋಲಿಸಿ ಕಪ್ಪನ್ನು ಹೊತ್ತೊಯ್ದದ್ದು ಸೆಲ್ಟಿಕ್. ಮೂರೂ ಗೋಲು ಜಿಮ್ಮಿ ಕ್ವಿನ್‌ನವು. ಗ್ಲಾಸ್ಗೋದಲ್ಲಿ ಈ ಕಪ್ಪಿನ ಮಾತು ತೆಗೆದರೆ ಇವತ್ತಿಗೂ ವಾದ ಶುರುವಾಗುತ್ತದೆ.

ಮಣ್ಣಿನ ದಿಬ್ಬ

ಎಂಜಿನಿಯರುಗಳು ಕಲಿತ ಪಾಠ ನೇರವಾಗಿತ್ತು: ಜನರ ಕಾಲ ಕೆಳಗೆ ಖಾಲಿ ಜಾಗ ಬೇಡ. ಕಂಬದ ಮೇಲಿನ ಎತ್ತರದ ಮರದ ಅಟ್ಟಣಿಗೆಗಳ ಮೇಲೆ ಬ್ರಿಟನ್ನಿನ ನಂಬಿಕೆ ಹೋಯಿತು. ನೆಲ ಅಗೆದು ಅಂಕಣವನ್ನು ತಗ್ಗಿಸಿ, ಆ ಮಣ್ಣನ್ನು ಸುತ್ತ ಸುರಿದು ದಿಬ್ಬ ಮಾಡುವ ಪದ್ಧತಿ ಬಲವಾಯಿತು. ಅಚ್ಚರಿಯೆಂದರೆ ಲೀಚ್‌ನ ವೃತ್ತಿ ಮುಳುಗಲಿಲ್ಲ. ಇಬ್ರಾಕ್ಸ್‌ನ ಮರುನಿರ್ಮಾಣ ಅವನಿಗೇ ಸಿಕ್ಕಿತು. 1903ರಲ್ಲಿ ತೆರೆದ ಹ್ಯಾಂಪ್ಡೆನ್ ಪಾರ್ಕ್, ಮುಂದೆ ಕ್ರೇವನ್ ಕಾಟೇಜ್, ಆನ್‌ಫೀಲ್ಡ್, ಓಲ್ಡ್ ಟ್ರಾಫರ್ಡ್ ಹೀಗೆ ಬ್ರಿಟನ್ನಿನ ಅರ್ಧ ಫುಟ್‌ಬಾಲ್ ಭೂಪಟವನ್ನೇ ಅವನು ಕಟ್ಟಿದ. ಇಬ್ರಾಕ್ಸ್‌ನ ಕೆಂಪು ಇಟ್ಟಿಗೆಯ ಮುಖ್ಯ ಸ್ಟ್ಯಾಂಡ್ ಕೂಡ ಅವನದೇ. 1929ರ ಜನವರಿ 1ರಂದು ತೆರೆದ ಅದು ಇವತ್ತಿಗೂ ನಿಂತಿದೆ. ದಿಬ್ಬದ ಮೆಟ್ಟಿಲುಗಳ ನಡುವೆ ಗುಂಪನ್ನು ತುಂಡರಿಸಿ ತಡೆಯುವ ಕೊಳವೆಯಾಕಾರದ ಉಕ್ಕಿನ ಕಟಕಟೆಗಳನ್ನು ಅವನು ರೂಪಿಸಿ ಪೇಟೆಂಟ್ ಪಡೆದ. ಇಬ್ರಾಕ್ಸ್‌ನಿಂದ ಅವನು ಕಲಿತದ್ದು ನಿಜ.

ಗುಂಪಿನ ಗಾತ್ರ ಮಾತ್ರ ಇಳಿಯಲಿಲ್ಲ. 1908ರಲ್ಲಿ ಹ್ಯಾಂಪ್ಡೆನ್‌ನಲ್ಲಿ ಇದೇ ಪಂದ್ಯಕ್ಕೆ ಬಂದವರು 1,20,000ಕ್ಕೂ ಹೆಚ್ಚು, 1937ರಲ್ಲಿ 1,49,415.

ದಿಬ್ಬ ಮುರಿದು ಬೀಳುವುದಿಲ್ಲ. ಆದರೆ ದಿಬ್ಬಕ್ಕೆ ಅದರದೇ ಒಂದು ದೋಷವಿದೆ. ಪ್ರೇಕ್ಷಕರು ಹೊರಗಿನಿಂದ ಮೆಟ್ಟಿಲು ಹತ್ತಿ ದಿಬ್ಬದ ನೆತ್ತಿಗೆ ಬಂದು, ಅಲ್ಲಿಂದ ಒಳಗೆ ಇಳಿಯುತ್ತಾರೆ. ಬರುವಾಗ ಎರಡು ಗಂಟೆಗಳ ಅವಧಿಯಲ್ಲಿ ಚದುರಿ ಬರುತ್ತಾರೆ, ತೊಂದರೆಯಿಲ್ಲ. ಪಂದ್ಯ ಮುಗಿದಾಗ ಅಷ್ಟೂ ಜನ ಹತ್ತಿಪ್ಪತ್ತು ನಿಮಿಷದಲ್ಲಿ ನೆತ್ತಿಗೆ ಏರಿ, ಹೊರಗಿನ ಕಡಿದಾದ ಉದ್ದ ಮೆಟ್ಟಿಲುಗಳಲ್ಲಿ ಒಟ್ಟಿಗೆ ಇಳಿಯುತ್ತಾರೆ. ಮುಂದಿನವನೊಬ್ಬ ಮುಗ್ಗರಿಸಿದರೆ ಹಿಂದಿನವರಿಗೆ ಕಾಣುವುದಿಲ್ಲ. ಇಳಿಜಾರೇ ಅವರನ್ನು ತಳ್ಳುತ್ತದೆ. ಗುಂಪು ಒಂದೊಂದು ಸಾಲಾಗಿ ಹರಿಯಲೆಂದು ಮೆಟ್ಟಿಲನ್ನು ಉಕ್ಕಿನ ಕಂಬಿಗಳಿಂದ ಉದ್ದುದ್ದಕ್ಕೆ ಭಾಗ ಮಾಡಿದರೆ, ಪಕ್ಕಕ್ಕೆ ತಪ್ಪಿಸಿಕೊಳ್ಳುವ ದಾರಿಯೂ ಮುಚ್ಚುತ್ತದೆ.

ಇಬ್ರಾಕ್ಸ್‌ನಲ್ಲಿ ಹೊರಗಿಳಿಯುವ ಮೆಟ್ಟಿಲುಸಾಲುಗಳ ಪೈಕಿ 13ನೇ ಸಂಖ್ಯೆಯದರಲ್ಲಿ 1961ರಲ್ಲಿ ಇಬ್ಬರು ಸತ್ತರು. 1967 ಮತ್ತು 1969ರಲ್ಲೂ ಅಲ್ಲೇ ಜನ ಗಾಯಗೊಂಡರು. ಕ್ಲಬ್ ಕಂಬಿಗಳನ್ನು ಗಟ್ಟಿ ಮಾಡಿತು, ಮತ್ತೆ ಬಲದ ಪ್ರಶ್ನೆಗೇ ಉತ್ತರ ಹುಡುಕಿತು. 1971ರ ಜನವರಿ 2ರಂದು ಸೆಲ್ಟಿಕ್ ವಿರುದ್ಧದ ಪಂದ್ಯ ಮುಗಿದು ಜನ ಇಳಿಯುವಾಗ ಅದೇ ಮೆಟ್ಟಿಲಿನಲ್ಲಿ 66 ಜನ ಸತ್ತರು. ಕೊನೆಯ ಗೋಲಿನ ಕೂಗು ಕೇಳಿ ಹಿಂದಕ್ಕೆ ಓಡಿಬಂದವರಿಗೂ ಇಳಿಯುವವರಿಗೂ ಡಿಕ್ಕಿಯಾಯಿತು ಎಂಬ ಕಥೆ ಬಹಳ ಕಾಲ ಓಡಾಡಿತು. ವಿಚಾರಣೆಯಲ್ಲಿ ಅದು ನಿಲ್ಲಲಿಲ್ಲ. ಎಲ್ಲರೂ ಒಂದೇ ದಿಕ್ಕಿನಲ್ಲಿ ಇಳಿಯುತ್ತಿದ್ದರು. 1902ರಲ್ಲಿ ಮರದ ಜಾತಿ ಹೇಗೋ, ಇಲ್ಲಿ ಆ ಕಥೆ ಹಾಗೆ ಮೆಟ್ಟಿಲಿನ ವಿನ್ಯಾಸದ ಮೇಲಿದ್ದ ಕಣ್ಣನ್ನು ಬೇರೆಡೆಗೆ ತಿರುಗಿಸಿತ್ತು.

1902ರಲ್ಲಿ ಕೇಳದೆ ಉಳಿದ ಪ್ರಶ್ನೆಗೆ ಕಾನೂನಿನ ಉತ್ತರ ಬಂದದ್ದು 1975ರ ಕ್ರೀಡಾ ಮೈದಾನಗಳ ಸುರಕ್ಷತಾ ಕಾಯ್ದೆಯಲ್ಲಿ. ಅದಕ್ಕೆ ಮೊದಲು 1972ರಲ್ಲಿ ಮೈದಾನಗಳಲ್ಲಿ ಜನರ ಸುರಕ್ಷತೆ ಕುರಿತ ವೀಟ್ಲಿ ವರದಿ, 1973ರಲ್ಲಿ ‘ಗ್ರೀನ್ ಗೈಡ್’ ಎಂದು ಕರೆಯುವ ಹಸಿರು ರಕ್ಷಾಪುಟದ ಮಾರ್ಗಸೂಚಿ ಬಂದಿದ್ದವು. ಅಲ್ಲಿಂದ ಮುಂದೆ ದೊಡ್ಡ ಮೈದಾನಗಳಿಗೆ ಸ್ಥಳೀಯ ಆಡಳಿತದ ಪ್ರಮಾಣಪತ್ರ ಬೇಕಾಯಿತು. ಪ್ರೇಕ್ಷಕರ ಸಂಖ್ಯೆಯನ್ನು ಇಂದು ಜಾಗದ ಅಳತೆಯೊಂದರಿಂದಲೇ ನಿರ್ಧರಿಸುವುದಿಲ್ಲ. ನಿಲ್ಲುವ ಜಾಗ ಎಷ್ಟು ಜನಕ್ಕೆ ಸಾಕು, ಒಳಬರುವ ಗೇಟುಗಳು ಒಂದು ಗಂಟೆಯಲ್ಲಿ ಎಷ್ಟು ಜನರನ್ನು ಬಿಡುತ್ತವೆ, ಹೊರಹೋಗುವ ದಾರಿಗಳು ಎಂಟು ನಿಮಿಷದಲ್ಲಿ ಎಷ್ಟು ಜನರನ್ನು ಹೊರಗೆ ಹಾಕುತ್ತವೆ ಎಂದೆಲ್ಲ ಬೇರೆಬೇರೆ ಲೆಕ್ಕ ಹಾಕಿ, ಅತಿ ಕಡಿಮೆ ಬಂದದ್ದನ್ನೇ ಮೈದಾನದ ಸಾಮರ್ಥ್ಯ ಎಂದು ಹಿಡಿಯುತ್ತಾರೆ. ಮೆಟ್ಟಿಲಿನ ಪ್ರತಿ ಮೀಟರ್ ಅಗಲಕ್ಕೆ ನಿಮಿಷಕ್ಕೆ 66 ಜನ, ಸಮತಟ್ಟು ದಾರಿಗೆ 82 ಜನ ಎಂಬುದು ಅಲ್ಲಿ ಬಳಸುವ ದರ. ಎರಡು ಮೀಟರ್ ಅಗಲದ ಮೆಟ್ಟಿಲು ಎಂಟು ನಿಮಿಷದಲ್ಲಿ 1,056 ಜನರನ್ನು ಮಾತ್ರ ಇಳಿಸಬಲ್ಲದು. ಅದೊಂದೇ ದಾರಿ ಇರುವ ಗ್ಯಾಲರಿಯಲ್ಲಿ ಐದು ಸಾವಿರ ಜನಕ್ಕೆ ನಿಲ್ಲಲು ಜಾಗವಿದ್ದರೂ ಮಾರುವ ಟಿಕೆಟ್ 1,056. ರೇಂಜರ್ಸ್ 1978ರಿಂದ 1981ರ ನಡುವೆ ಮಣ್ಣಿನ ದಿಬ್ಬಗಳನ್ನು ತೆಗೆಸಿ ಮೂರು ಕಡೆ ಕುರ್ಚಿಗಳಿರುವ ಆಯತಾಕಾರದ ಸ್ಟ್ಯಾಂಡುಗಳನ್ನು ಕಟ್ಟಿಸಿತು. ಕೆಲಸ ಮುಗಿದಾಗ ಇಬ್ರಾಕ್ಸ್‌ನ ಸಾಮರ್ಥ್ಯ ಸುಮಾರು 44,000ಕ್ಕೆ ಇಳಿದಿತ್ತು.